ಹನ್ನೊಂದು ದಿನದ ಬಿಡಾರ

ಒಂದು ಸಂಸಾರ ಊರು ಬಿಟ್ಟು ದೂರದ ಊರಿಗೆ ಹೋಗಬೇಕಾದರೆ ಮೊದಲು ಒಬ್ಬರು ಹೋಗುತ್ತಾರೆ. ಅಣ್ಣನೋ, ಗಂಡನೋ, ಕೆಲಸ ಸಿಕ್ಕಿದ ಮಗಳೋ. ಟ್ರಂಕು ಹಾಸಿಗೆ ಹಿಡಿದು ರೈಲಿಳಿದು, ನಾಲ್ಕು ದಿನ ಎಲ್ಲೋ ತಂಗಿ, ಬೀದಿ ಬೀದಿ ಅಲೆದು ಒಂದು ಮನೆ ಹಿಡಿದು, ಮುಂಗಡ ಕೊಟ್ಟು, ಆಮೇಲೆ ಮನೆಯವರಿಗೆ ಕಾಗದ ಹಾಕುತ್ತಾರೆ. ಇದರಲ್ಲಿ ಚರಿತ್ರೆ ಏನು ಬಂತು ಅಂತ ಕೇಳಬಹುದು. ಬಾಡಿಗೆ ಎಷ್ಟು, ನೀರು ಬರುತ್ತದೋ ಇಲ್ಲವೋ, ಸ್ಕೂಲು ಹತ್ತಿರವೋ ದೂರವೋ, ಸವರ್ಣರ ಹುಡುಕಾಟ ಇಷ್ಟಕ್ಕೆ ಮುಗಿಯುತ್ತದೆ. ಇಷ್ಟೆಲ್ಲ ಒಪ್ಪಿಗೆಯಾದ ಮೇಲೂ ದಲಿತರಿಗೆ ಒಂದು ಪ್ರಶ್ನೆ ಉಳಿದಿರುತ್ತದೆ: 'ಅಂದಹಾಗೆ, ನೀವು ಯಾವ ಜನ?'

ಹಳ್ಳಿಯಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಊರು ಅತ್ತ, ಕೇರಿ ಇತ್ತ. ಯಾರು ಎಲ್ಲಿ ಹುಟ್ಟಿ ಎಲ್ಲಿ ಸಾಯಬೇಕು ಅನ್ನುವುದನ್ನು ನೆಲದ ಮೇಲೇ ಗೆರೆ ಎಳೆದು ಇಟ್ಟಿದ್ದಾರೆ. ಹಳ್ಳಿ ಅಂದರೆ ಸಂಕುಚಿತ ಬುದ್ಧಿಯ ಕೊಂಪೆ ಎಂಬ ಅರ್ಥದ ಮಾತನ್ನು ಬಾಬಾಸಾಹೇಬರು 1948ರಲ್ಲಿ ಸಂವಿಧಾನ ಸಭೆಯಲ್ಲೇ ಹೇಳಿದರು. ಹಾಗಾದರೆ ಪಟ್ಟಣ? ಪಟ್ಟಣದ ಬಾಗಿಲು ಹೇಗಿರುತ್ತದೆ ಅನ್ನುವುದು ಅವರಿಗೆ ಅದಕ್ಕೂ ಮೂವತ್ತೊಂದು ವರ್ಷ ಮೊದಲೇ ಗೊತ್ತಾಗಿತ್ತು.

1917ನೇ ಇಸವಿ. ಇಪ್ಪತ್ತಾರು ವಯಸ್ಸಿನ ಭೀಮರಾವ್ ಅಂಬೇಡ್ಕರ್ ಅಮೆರಿಕ, ಇಂಗ್ಲೆಂಡ್ ಮುಗಿಸಿ ಬೊಂಬಾಯಿಗೆ ಬಂದಿಳಿದಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಎಂ.ಎ. ಪದವಿ ಕೈಯಲ್ಲಿತ್ತು. ಓದಿಗೆ ಹಣ ಕೊಟ್ಟವರು ಬರೋಡಾ ಸಂಸ್ಥಾನದ ಮಹಾರಾಜ ಸಯಾಜಿರಾವ್ ಗಾಯಕವಾಡ್. ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದಲ್ಲಿ ನೌಕರಿ ಮಾಡಬೇಕು ಅನ್ನುವುದು 1913ರ ಕರಾರು. ಕರಾರಿನಂತೆ ಸೆಪ್ಟೆಂಬರ್‌ನಲ್ಲಿ ಬರೋಡಾಕ್ಕೆ ಹೊರಟರು. ಬೊಂಬಾಯಿ ಬ್ರಿಟಿಷರ ನೆಲ, ಬರೋಡಾ ರಾಜರ ನೆಲ. ಗಡಿ ದಾಟಿ ಹೋದ ನೌಕರ ಅವರು. ಹೆಂಡತಿ ರಮಾಬಾಯಿ, ಪುಟ್ಟ ಮಗ ಯಶವಂತ ಬೊಂಬಾಯಿಯಲ್ಲಿ. ಮನೆ ಸಿಕ್ಕದೆ ಸಂಸಾರದ ಮಾತೆಲ್ಲಿ?

ಎಲ್ಲಿ ಇಳಿದುಕೊಳ್ಳುವುದು? ಹಿಂದೂಗಳ ಊಟ-ವಸತಿಯ ಖಾನಾವಳಿಗಳು ಸೇರಿಸುವುದಿಲ್ಲ. ಜಾತಿ ಮುಚ್ಚಿಟ್ಟು ಒಳಹೊಕ್ಕರೆ ಗೊತ್ತಾದ ದಿನ ಏನಾಗುತ್ತದೋ. ಅಮೆರಿಕದಲ್ಲಿ ಕಂಡ ಗೆಳೆಯರು ಬರೋಡಾದಲ್ಲಿದ್ದರು; ಅವರ ಮನೆ ಬಾಗಿಲಿಗೆ ಹೋದರೆ ಅವರಿಗೆ ಮುಜುಗರ. ಕೊನೆಗೆ ಪಾರ್ಸಿಗಳ ವಸತಿಗೃಹ ನೆನಪಾಯಿತು. ಪಾರ್ಸಿಗಳ ಧರ್ಮದಲ್ಲಿ ಮುಟ್ಟು-ಮೈಲಿಗೆ ಇಲ್ಲವಲ್ಲ ಎಂಬ ಧೈರ್ಯ. ಆದರೆ ಅಲ್ಲಿಯ ಮೇಲ್ವಿಚಾರಕ ಪಾರ್ಸಿಗಳಿಗೆ ಮಾತ್ರ ಜಾಗ ಎಂದ. ಗಿರಾಕಿ ಇಲ್ಲದೆ ಕಟ್ಟಡ ಖಾಲಿ ಬಿದ್ದಿತ್ತು, ಅವನಿಗೂ ನಾಲ್ಕು ಕಾಸು ಬೇಕಿತ್ತು. ದಿನಕ್ಕೆ ಒಂದೂವರೆ ರೂಪಾಯಿ. ಲೆಕ್ಕದ ಪುಸ್ತಕದಲ್ಲಿ ಒಂದು ಪಾರ್ಸಿ ಹೆಸರು. ಹೀಗೆ ತಲೆಯ ಮೇಲೆ ಒಂದು ಸೂರು ಸಿಕ್ಕಿತು.

ಮಹಡಿಯಲ್ಲಿ ಅವರೊಬ್ಬರೇ. ಪಕ್ಕದ ಹಜಾರದ ತುಂಬ ಮುರುಕು ಸಾಮಾನು. ಕರೆಂಟಿಲ್ಲ, ಒಂದು ಲಾಟೀನು, ಅದರ ಸುತ್ತ ಬಾವಲಿಗಳು. ಹಗಲು ಅಕೌಂಟೆಂಟ್ ಜನರಲ್ ಕಚೇರಿಯ ಕೆಲಸ, ರಾತ್ರಿ ಪುಸ್ತಕ. ನಡುವೆ ಸರ್ಕಾರದ ಬಂಗಲೆಯೊಂದನ್ನು ಕೊಡಿಸಿ ಅಂತ ಮಂತ್ರಿಗೆ ಅರ್ಜಿ. ಆ ಅರ್ಜಿ ಇತ್ಯರ್ಥವಾಗುವ ತನಕ ಹೇಗಾದರೂ ದಿನ ತಳ್ಳಬೇಕು.

ಹನ್ನೊಂದನೇ ದಿನ ಬೆಳಿಗ್ಗೆ ಕಚೇರಿಗೆ ಹೊರಟಿದ್ದಾರೆ, ಮೆಟ್ಟಿಲ ಮೇಲೆ ದಡದಡ ಸದ್ದು. ಹತ್ತು ಹನ್ನೆರಡು ಜನ ಪಾರ್ಸಿಗಳು, ಕೈಯಲ್ಲಿ ಕೋಲು. ಯಾರು ನೀನು, ಪಾರ್ಸಿ ಹೆಸರು ಯಾಕೆ ಹೇಳಿದೆ, ನಮ್ಮ ಜಾಗ ಮೈಲಿಗೆ ಮಾಡಿದೆ ಅಂತ ಅಬ್ಬರ. ಒಂದು ವಾರ ಕೊಡಿ ಎಂದು ಬೇಡಿದರೂ ಕೇಳಲಿಲ್ಲ. ಸಂಜೆಯೊಳಗೆ ಇಲ್ಲಿರಬಾರದು, ಇದ್ದರೆ ಪರಿಣಾಮ ನೆಟ್ಟಗಿರುವುದಿಲ್ಲ ಎಂದು ಹೋದರು.

ಅವತ್ತಿಡೀ ಹುಡುಕಾಟ. ಮಂತ್ರಿಯ ಹತ್ತಿರ ಹೋದರೆ ಬಂಗಲೆಯ ಮಾತು ಮುಂದಕ್ಕೆ ಹೋಯಿತು. ಹಿಂದೂ ಗೆಳೆಯನೊಬ್ಬ ಮರುಗಿದ, ಆದರೆ ನೀವು ಬಂದರೆ ನನ್ನ ಮನೆಯ ಆಳುಗಳು ಬಿಟ್ಟುಹೋಗುತ್ತಾರೆ ಎಂದ. ಕ್ರೈಸ್ತ ಗೆಳೆಯನೊಬ್ಬ, ಹೆಂಡತಿ ನಾಳೆ ಬರುತ್ತಾಳೆ, ಅವಳನ್ನು ಕೇಳಬೇಕು ಎಂದ. ಗಂಡ-ಹೆಂಡತಿ ಇಬ್ಬರೂ ಮೊದಲು ಬ್ರಾಹ್ಮಣ ಮನೆತನದವರು. ದೇವರು ಬದಲಾಗಿದ್ದ, ಅಡಿಗೆಮನೆ ಬದಲಾಗಿರಲಿಲ್ಲ. ಸಂಜೆ ನಾಲ್ಕಕ್ಕೆ ಎಲ್ಲ ದಾರಿಯೂ ಮುಚ್ಚಿತು. ಬೊಂಬಾಯಿ ರೈಲು ರಾತ್ರಿ ಒಂಬತ್ತಕ್ಕೆ. ಆ ಐದು ಗಂಟೆ ಕಾಲ ಕಾಮಾಟಿ ಬಾಗ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ ಒಬ್ಬರೇ ಕೂತಿದ್ದರು. ಕತ್ತಲಾದ ಮೇಲೆ ಗಾಡಿ ತಂದು ಸಾಮಾನು ಇಳಿಸಿದಾಗ ಮೇಲ್ವಿಚಾರಕ ಹೊರಗೆ ಬಂದ. ಇಬ್ಬರೂ ಮಾತಾಡಲಿಲ್ಲ.

ಇದನ್ನು ಅವರು ಹದಿನೆಂಟು ವರ್ಷ ಆದ ಮೇಲೆ ಬರೆದಿಟ್ಟರು. 'ವೇಟಿಂಗ್ ಫಾರ್ ಎ ವೀಸಾ' ಅಂತ ಅದರ ಹೆಸರು. ಪುಸ್ತಕವಾಗಿ ಬಂದದ್ದು 1990ರಲ್ಲಿ, ಅವರು ತೀರಿಕೊಂಡು ಮೂವತ್ತನಾಲ್ಕು ವರ್ಷಕ್ಕೆ. ಆ ದಿನ ನೆನೆದಾಗ ಬರೆಯುವಾಗಲೂ ಕಣ್ಣಲ್ಲಿ ನೀರು ಬರುತ್ತದೆ ಎಂದು ಅದರಲ್ಲಿ ಹೇಳಿಕೊಂಡಿದ್ದಾರೆ. ಇವತ್ತು ಸೆಪ್ಟೆಂಬರ್ 23ನ್ನು ಸಂಕಲ್ಪ ದಿನ ಎಂದು ಆಚರಿಸುತ್ತಾರೆ, ಆ ಜಾಗವನ್ನು ಸಂಕಲ್ಪ ಭೂಮಿ ಅನ್ನುತ್ತಾರೆ. ಆಚರಿಸಲಿ. ಆದರೆ ಹೂವಿನ ಹಾರದ ಅಡಿಯಲ್ಲಿ ಒಂದು ಪ್ರಶ್ನೆ ಮುಚ್ಚಿಹೋಗಬಾರದು.

ಬಾಬಾಸಾಹೇಬರಿಗೆ ಅವತ್ತು ಏನು ಕಮ್ಮಿಯಾಗಿತ್ತು? ಓದಿತ್ತು. ಸಂಬಳದ ನೌಕರಿ ಇತ್ತು. ಬೆನ್ನಿಗೆ ಮಹಾರಾಜರೇ ಇದ್ದರು, ಅದೂ ಅಸ್ಪೃಶ್ಯರಿಗೆ ಶಾಲೆ ತೆರೆದ ಮಹಾರಾಜರು. ಓದಿದರೆ ಜಾತಿ ಹೋಗುತ್ತದೆ, ದುಡ್ಡು ಬಂದರೆ ಹೋಗುತ್ತದೆ, ಪಟ್ಟಣಕ್ಕೆ ಬಂದರೆ ಹೋಗುತ್ತದೆ, ಮೇಲಿರುವವರು ಒಳ್ಳೆಯವರಾದರೆ ಹೋಗುತ್ತದೆ ಅಂತ ನಮಗೆ ಬುದ್ಧಿ ಹೇಳುವವರು ಇವತ್ತಿಗೂ ಇದ್ದಾರೆ. ಈ ನಾಲ್ಕೂ ಒಬ್ಬ ಮನುಷ್ಯನಲ್ಲಿ ಕೂಡಿದ್ದವು. ನಾಲ್ಕೂ ಸೇರಿ ಒಂದು ಕೋಣೆಯ ಬಾಗಿಲು ತೆರೆಸಲಿಲ್ಲ. ಅವರನ್ನು ಹೊರಗೆ ಹಾಕಿದ್ದು ಯಾವ ರಾಜಾಜ್ಞೆಯೂ ಅಲ್ಲ. ಖಾಸಗಿ ಜಾಗ, ಖಾಸಗಿ ಜನ, ಖಾಸಗಿ ಕೋಲು. ರಾಜನ ಕೈ ಅಂಗಳದ ತನಕ ಬಂತು, ಹೊಸ್ತಿಲು ದಾಟಲಿಲ್ಲ.

ಈ 'ಖಾಸಗಿ' ಅನ್ನುವ ಮಾತನ್ನು ಹಿಡಿದು ಸ್ವಲ್ಪ ಹೊತ್ತು ಅಮೆರಿಕಕ್ಕೆ ಹೋಗಿಬರೋಣ. ಬಾಬಾಸಾಹೇಬರು ಓದಿದ ಕೊಲಂಬಿಯಾ ಇರುವುದು ಕಪ್ಪು ಜನರ ಹಾರ್ಲೆಮ್ ಬಡಾವಣೆಯ ಮಗ್ಗುಲಲ್ಲೇ. 1910ರ ದಶಕದಲ್ಲಿ ದಕ್ಷಿಣದ ರಾಜ್ಯಗಳಿಂದ ಕಪ್ಪು ಸಂಸಾರಗಳು ಉತ್ತರದ ನಗರಗಳಿಗೆ ಲಕ್ಷಗಟ್ಟಲೆ ಗುಳೆ ಹೊರಟವು. ಹತ್ತಿ ಹೊಲದ ಜೀತ, ಗುಂಪು ಕೊಲೆ ಬಿಟ್ಟು ಕಾರ್ಖಾನೆ ಕೂಲಿ ಹುಡುಕಿ ಹೊರಟ ಜನ. ಅಲ್ಲೂ ಮೊದಲು ಒಬ್ಬರು ಹೋಗಬೇಕು, ಮನೆ ಹುಡುಕಬೇಕು. ಬಿಳಿಯರ ಬೀದಿಯಲ್ಲಿ ಕಪ್ಪು ಜನ ಇರಕೂಡದು ಅಂತ ಕೆಲವು ನಗರಸಭೆಗಳು ಕಾನೂನನ್ನೇ ಮಾಡಿದ್ದವು. ಲೂಯಿವಿಲ್ ನಗರದ ಅಂಥ ಒಂದು ಕಾನೂನನ್ನು ಅಲ್ಲಿಯ ಸುಪ್ರೀಂ ಕೋರ್ಟು ರದ್ದು ಮಾಡಿತು. ಯಾವಾಗ? 1917ರ ನವೆಂಬರ್ 5ರಂದು. ಬಾಬಾಸಾಹೇಬರು ಬರೋಡಾ ಬಿಟ್ಟ ಬೆನ್ನಿಗೇ.

ಗೆದ್ದೆವು ಅಂದುಕೊಂಡರೆ ಬಿಳಿಯರು ಇನ್ನೊಂದು ದಾರಿ ಹಿಡಿದರು. ಸರ್ಕಾರ ಬೇಲಿ ಹಾಕಬಾರದು ತಾನೆ? ನಾವೇ ಹಾಕಿಕೊಳ್ಳುತ್ತೇವೆ ಎಂದರು. ಬೀದಿಯ ಮನೆಯೊಡೆಯರೆಲ್ಲ ಸೇರಿ ಕರಾರು ಬರೆದುಕೊಳ್ಳುವುದು, ಕಪ್ಪು ಜನಕ್ಕೆ ಮನೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ ಅಂತ. ಒಬ್ಬ ಮುರಿದರೆ ಉಳಿದವರು ಕೋರ್ಟಿಗೆ. ದಾರಿಯಲ್ಲಿ ಒಂದು ರಾತ್ರಿ ತಂಗಲೂ ಜಾಗವಿಲ್ಲದ ಕಾಲ ಅದು. ವಿಕ್ಟರ್ ಗ್ರೀನ್ ಎಂಬ ಹಾರ್ಲೆಮ್‌ನ ಅಂಚೆ ನೌಕರ 1936ರಿಂದ ಒಂದು ಕೈಪಿಡಿ ಹೊರಡಿಸಿದ. ಯಾವ ಊರಿನ ಯಾವ ಮನೆಯಲ್ಲಿ ಕಪ್ಪು ಜನಕ್ಕೆ ಹಾಸಿಗೆ ಸಿಗುತ್ತದೆ ಎಂಬ ಪಟ್ಟಿ ಅದು. ನಮ್ಮಲ್ಲಿ ಆ ಪುಸ್ತಕ ಅಚ್ಚಾಗಲಿಲ್ಲ, ಅಷ್ಟೆ. ಯಾವ ಊರಲ್ಲಿ ಯಾರ ಮನೆ, ಯಾವ ಹಾಸ್ಟೆಲು, ಯಾವ ಸಂಘದ ಆಫೀಸು ಅನ್ನುವುದು ಬಾಯಿಂದ ಬಾಯಿಗೆ ಬಂದಿದೆ.

ಮಿಸಿಸಿಪ್ಪಿ ರಾಜ್ಯದಿಂದ ಮಿಸೌರಿಯ ಸೇಂಟ್ ಲೂಯಿ ನಗರಕ್ಕೆ ಬಂದ ಶೆಲ್ಲಿ ಎಂಬ ಕಪ್ಪು ಸಂಸಾರವೊಂದಿತ್ತು. ಗಂಡ, ಹೆಂಡತಿ, ಆರು ಮಕ್ಕಳು. 1945ರಲ್ಲಿ ಒಂದು ಮನೆ ಕೊಂಡರು. ಆ ಬೀದಿಗೆ 1911ರಲ್ಲೇ ಕರಾರು ಬರೆದಾಗಿತ್ತು. ಅಕ್ಕಪಕ್ಕದವರು ದಾವೆ ಹೂಡಿದರು, ರಾಜ್ಯದ ಮೇಲಿನ ಕೋರ್ಟು ಕರಾರನ್ನೇ ಎತ್ತಿಹಿಡಿಯಿತು. ಶೆಲ್ಲಿ ದಂಪತಿ ಬಿಡಲಿಲ್ಲ. 1948ರ ಮೇ 3ರಂದು ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಕರಾರು ಖಾಸಗಿಯದೇ ಇರಬಹುದು, ಆದರೆ ಅದನ್ನು ಜಾರಿ ಮಾಡುವ ಕೋರ್ಟು ಸರ್ಕಾರದ್ದು, ಆದ್ದರಿಂದ ಕೋರ್ಟು ಇದಕ್ಕೆ ಕೈ ಹಾಕಕೂಡದು. ಅಂದರೆ ಖಾಸಗಿ ಕೋಲಿನ ಹಿಂದೆ ಸರ್ಕಾರದ ಕೈ ಇದೆ ಅನ್ನುವುದನ್ನು ಅದು ಗುರುತಿಸಿತು. ಅಷ್ಟಕ್ಕೇ ಬಾಗಿಲುಗಳೆಲ್ಲ ತೆರೆದವು ಅಂತಲ್ಲ. 1966ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಶಿಕಾಗೋದ ಕೊಳೆಗೇರಿಯಲ್ಲಿ ಬಾಡಿಗೆ ಹಿಡಿದು ಕೂತು ಮನೆಗಳಿಗಾಗಿ ಮೆರವಣಿಗೆ ಮಾಡಿದರು, ತಲೆಗೆ ಕಲ್ಲೇಟು ತಿಂದರು. 1968ರ ಏಪ್ರಿಲ್ 4ರಂದು ಅವರ ಕೊಲೆಯಾಯಿತು. ಮನೆ ಕೊಡುವಲ್ಲಿ ಭೇದ ಮಾಡುವುದನ್ನು ನಿಷೇಧಿಸುವ ಕಾನೂನಿಗೆ ಸಹಿ ಬಿದ್ದದ್ದು ಏಪ್ರಿಲ್ 11ರಂದು. ಹೆಣ ಬೀಳುವ ತನಕ ಕಾದ ಕಾನೂನು ಅದು.

ಈಗ ನಮ್ಮ ಮನೆಗೆ ಬರೋಣ. ಬರೋಡಾದಿಂದ ಹೊರಬಿದ್ದ ಮನುಷ್ಯ ಮುಂದೆ ಈ ದೇಶದ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಅಳಿಸಿತು. 19ನೇ ವಿಧಿ ದೇಶದ ಯಾವ ಭಾಗದಲ್ಲಾದರೂ ವಾಸ ಮಾಡುವ, ನೆಲೆಸುವ ಹಕ್ಕು ಕೊಟ್ಟಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರಿಂದ ಅದೇ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಅದರ 4ನೇ ಕಲಮು ಓದಿ ನೋಡಿ. ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ವಾಸ ಮಾಡುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿ ಮಾಡಿದರೆ ಅದು ಅಪರಾಧ, ಆರು ತಿಂಗಳ ತನಕ ಜೈಲು. ಇಷ್ಟು ಸ್ಪಷ್ಟವಾದ ಕಾನೂನು ಇದೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇದರ ಜೊತೆಗೆ ಇನ್ನೊಂದನ್ನೂ ಓದಿ. ಬರೋಡಾ ಇರುವ ಅದೇ ಗುಜರಾತಿನ ಅಹಮದಾಬಾದಿನ ಒಂದು ಗೃಹನಿರ್ಮಾಣ ಸಹಕಾರ ಸಂಘದಲ್ಲಿ ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಉಪನಿಯಮ ಇತ್ತು. 2005ರಲ್ಲಿ ನಮ್ಮ ಸುಪ್ರೀಂ ಕೋರ್ಟು ಆ ನಿಯಮ ಸರಿ ಎಂದಿತು. ಸಂಘ ಕಟ್ಟಿಕೊಳ್ಳುವುದು ಜನರ ಹಕ್ಕು, ಸಹಕಾರ ಸಂಘ ಸರ್ಕಾರ ಅಲ್ಲ, ಮೂಲಭೂತ ಹಕ್ಕುಗಳನ್ನು ಅದರ ಮೇಲೆ ಹೂಡಲಾಗದು ಅನ್ನುವುದು ತೀರ್ಪಿನ ದಾರಿ. ಪಾರ್ಸಿಗಳು ಒಂದು ಸಣ್ಣ ಸಮುದಾಯ, ತಮ್ಮ ಉಳಿವಿನ ಭಯ ಅವರಿಗಿದೆ. ಅವರ ಮೇಲೆ ಹಗೆ ಕಟ್ಟುವುದು ಈ ಬರಹದ ಕೆಲಸವಲ್ಲ. ಕೇಳಬೇಕಾದದ್ದು ಬೇರೆ. ಸಣ್ಣವರಿಗೆ ತೆರೆದ ಈ ಕಿಂಡಿಯಲ್ಲಿ ದೊಡ್ಡ ಜಾತಿಗಳು ನುಗ್ಗಿದರೆ? ಪ್ರತಿ ಬಲಾಢ್ಯ ಜಾತಿಯೂ ತನ್ನದೊಂದು ಸಂಘ, ತನ್ನದೊಂದು ಬಡಾವಣೆ, ತನ್ನದೊಂದು ಗೇಟು ಮಾಡಿಕೊಂಡರೆ? ಆಗ ಪಟ್ಟಣ ಅನ್ನುವುದು ಕರೆಂಟು ಹಾಕಿಸಿಕೊಂಡ ಹಳ್ಳಿಯಾಗುತ್ತದೆ. 1948ರಲ್ಲಿ ಅಲ್ಲಿಯ ಕೋರ್ಟು ಗುರುತಿಸಿದ ಸರ್ಕಾರದ ಕೈಯನ್ನು 2005ರಲ್ಲಿ ಇಲ್ಲಿಯ ಕೋರ್ಟು ನೋಡಲಿಲ್ಲ.

ಇವತ್ತು ಕೋಲು ಹಿಡಿದು ಮೆಟ್ಟಿಲು ಹತ್ತುವವರು ಅಪರೂಪ. ಮಾತೇ ನಯವಾಗಿದೆ. 'ಸಸ್ಯಾಹಾರಿಗಳಿಗೆ ಮಾತ್ರ' ಅನ್ನುವ ಬೋರ್ಡು. 'ನಮ್ಮ ತಾಯಿಯವರು ಸ್ವಲ್ಪ ಮಡಿ.' 'ಅಯ್ಯೋ, ನಿನ್ನೆ ತಾನೇ ಮುಂಗಡ ಕೊಟ್ಟು ಹೋದರು.' ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿಯಲ್ಲೂ ಸುತ್ತಲ ನಗರಗಳಲ್ಲೂ ಮೇಲ್ಜಾತಿ, ದಲಿತ, ಮುಸ್ಲಿಂ ಹೆಸರುಗಳಿಂದ ಬಾಡಿಗೆ ಮನೆ ಕೇಳಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿದ್ದು ನಮಗೆ ಗೊತ್ತಿದ್ದದ್ದನ್ನೇ: ಮೇಲ್ಜಾತಿಯ ಹೆಸರಿಗೆ ಬಾಗಿಲು ಸಲೀಸು, ದಲಿತ ಹೆಸರಿಗೆ ಅಡ್ಡಿ, ಮುಸ್ಲಿಂ ಹೆಸರಿಗೆ ಇನ್ನೂ ಹೆಚ್ಚು ಅಡ್ಡಿ. ವರ್ಗವಾಗಿ ಬೇರೆ ಜಿಲ್ಲೆಯ ಹಳ್ಳಿಗೆ ಹೋದ ದಲಿತ ಮೇಷ್ಟ್ರನ್ನು, ನರ್ಸಮ್ಮನನ್ನು ಕೇಳಿ. ಊರ ಮಕ್ಕಳಿಗೆ ಅಕ್ಷರ ಕಲಿಸಬಹುದು, ಊರ ಹೆಂಗಸರ ಹೆರಿಗೆ ಮಾಡಿಸಬಹುದು. ಊರೊಳಗೆ ಮನೆ ಮಾತ್ರ ಇಲ್ಲ. ತಾಲ್ಲೂಕು ಕೇಂದ್ರದಲ್ಲಿ ಉಳಿದು ದಿನಾ ಬಸ್ಸು ಹಿಡಿಯುತ್ತಾರೆ. 'ಮೇಷ್ಟ್ರು ಊರಲ್ಲಿ ನಿಲ್ಲೋದಿಲ್ಲ' ಅಂತ ಅದೇ ಊರವರು ದೂರು ಬರೆಯುತ್ತಾರೆ!

ಮನೆ ಸಿಗದ ಸಂಕಟವನ್ನು ನಾವು ಒಬ್ಬೊಬ್ಬರೇ ನುಂಗಿಕೊಳ್ಳುತ್ತೇವೆ. ಹೆಂಡತಿಗೂ ಹೇಳುವುದಿಲ್ಲ, ಬಾಡಿಗೆ ಜಾಸ್ತಿ, ನೀರಿಲ್ಲ ಅಂತ ಸುಳ್ಳು ಬರೆಯುತ್ತೇವೆ. ಬಾವಿಯ ನೀರು, ಹೋಟೆಲಿನ ಲೋಟ, ದೇವಸ್ಥಾನದ ಬಾಗಿಲು ಇವು ಚಳವಳಿಯ ಪ್ರಶ್ನೆಗಳಾದವು. ಬಾಡಿಗೆ ಮನೆ ಇನ್ನೂ ಒಬ್ಬೊಬ್ಬರ ಪಾಡಾಗಿಯೇ ಉಳಿದಿದೆ. ಇದನ್ನು ಬೀದಿಗೆ ತರಬೇಕು. ಮನೆ ಇಲ್ಲ ಎಂದವರ ಮಾತು, ತಾರೀಖು, ಸಾಕ್ಷಿ ಬರೆದಿಡಬೇಕು. ಮೊದಲು ಜಾತಿ ಗೊತ್ತಿಲ್ಲದಂತೆ ಒಬ್ಬರು, ಆಮೇಲೆ ಗೊತ್ತಾಗುವಂತೆ ಇನ್ನೊಬ್ಬರು ಹೋಗಿ ಕೇಳಿ ನೋಡುವ ಕೆಲಸವನ್ನು ಕಾಲೇಜು ಹುಡುಗರು ಒಂದು ಭಾನುವಾರದಲ್ಲಿ ಮಾಡಬಹುದು. 4ನೇ ಕಲಮನ್ನು ಪೊಲೀಸ್ ಠಾಣೆಯ ಮೇಜಿನ ಮೇಲೆ ಇಡಬೇಕು. ಗೃಹನಿರ್ಮಾಣ ಸಂಘಗಳ ಉಪನಿಯಮಗಳನ್ನು ತರಿಸಿ ಓದಬೇಕು.

ಬಾಬಾಸಾಹೇಬರು ಪರೇಲಿನ ಚಾಳಿನ ಇಕ್ಕಟ್ಟಿನಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿ, 1930ರ ದಶಕದ ಮೊದಲಲ್ಲಿ ಬೊಂಬಾಯಿಯ ದಾದರಿನಲ್ಲಿ, ಹಿಂದೂ ಕಾಲೋನಿ ಎಂಬ ಹೆಸರಿನ ಬಡಾವಣೆಯಲ್ಲೇ, ಪುಸ್ತಕಗಳಿಗಾಗಿ ದೊಡ್ಡದೊಂದು ಮನೆ ಕಟ್ಟಿಸಿದರು. 'ರಾಜಗೃಹ' ಅಂತ ಹೆಸರಿಟ್ಟರು. ರಮಾಬಾಯಿ ಅಲ್ಲಿ ಬಾಳಿದ್ದು ಸ್ವಲ್ಪವೇ ಕಾಲ, 1935ರಲ್ಲಿ ತೀರಿಕೊಂಡರು. ಎಲ್ಲರೂ ರಾಜಗೃಹ ಕಟ್ಟಿಸಲಾರರು, ಕಟ್ಟಿಸಬೇಕಾಗಿಯೂ ಇಲ್ಲ. ನ್ಯಾಯವಾದ ಬಾಡಿಗೆ ಕೊಟ್ಟು, ತಮ್ಮ ಹೆಸರನ್ನೇ ಬರೆಸಿ, ಹೆಂಡತಿ ಮಕ್ಕಳನ್ನು ಹಗಲು ಹೊತ್ತಿನಲ್ಲೇ ಕರಕೊಂಡು ಬರುವಂತಾಗಬೇಕು. ಹನ್ನೆರಡನೇ ದಿನವೂ ಅಲ್ಲೇ ಇರುವಂತಾಗಬೇಕು.