ಠೇವಣಿದಾರರಿಂದ ಮತದಾರರತ್ತ: ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು

ವಸಾಹತು ಕಾಲದ ವರ್ತಕರು ರಾಜಕಾರಣಕ್ಕೆ ಬಂದದ್ದು ಹಣದ ಬಲದಿಂದ ಎನ್ನುವುದುಂಟು. ಆ ವಿವರಣೆ ಸಾಲದು. ನಿಜಾಮರ ಸೀಮೆಯನ್ನೇ ನೋಡಿ: 1874ರಲ್ಲಿ ವಾಡಿ–ಸಿಕಂದರಾಬಾದ್ ರೈಲು ಓಡತೊಡಗಿದ ಮೇಲೆ ಚಿತ್ತಾಪುರ, ಸೇಡಂ ಕಡೆಯ ವ್ಯಾಪಾರಕ್ಕೂ ದೂರದ ಪೇಟೆಗಳ ನಂಟಾಯಿತು. ದುಡ್ಡಿದ್ದ ಸಾವುಕಾರರು ಅಲ್ಲೂ ಇದ್ದರು. ಆದರೆ ಆ ಸೀಮೆಯಲ್ಲಿ, 1920ರ ದಶಕದಲ್ಲಿ, ವರ್ತಕನೊಬ್ಬ ಜನರ ಮತ ಕೇಳಿಕೊಂಡು ಹೋಗಬಹುದಾದ ಶಾಸನಸಭೆಯೇ ಇರಲಿಲ್ಲ. ಅಲ್ಲಿನ ಶಹಾಬಾದ್, ಚಿಂಚೋಳಿಯ ಜನ ವಯಸ್ಕ ಮತದಾನ ಕಂಡದ್ದು 1951–52ರ ಚುನಾವಣೆಯಲ್ಲಿ. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಸ್ಥಿತಿ ಬೇರೆ.

ಅಲ್ಲಿನ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು (1882–1935) ಉಡುಪಿಯ ವರ್ತಕರು. ಬಂಗಾಳದ ಸ್ವದೇಶಿ ಚಳವಳಿಯ ಬಿಸಿ ಇನ್ನೂ ಆರದಿದ್ದ 1906ರಲ್ಲಿ, 24ರ ಹರೆಯದಲ್ಲಿ, ಅವರು ಸಂಗಡಿಗರೊಂದಿಗೆ ಬ್ಯಾಂಕು ಕಟ್ಟಲು ಹೊರಟರು. ಫೆಬ್ರವರಿ 19ರ ಮನವಿಯಲ್ಲಿ ಉಳಿತಾಯದ ಅಭ್ಯಾಸವನ್ನು ಜಾತಿಮತ ನೋಡದೆ ಎಲ್ಲರಲ್ಲೂ ಬೆಳೆಸುವ ಉದ್ದೇಶವಿತ್ತು. ಮಾರ್ಚ್ 12ರಂದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಬಾಗಿಲು ತೆರೆಯಿತು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು 38 ರೂಪಾಯಿ 13 ಆಣೆ 2 ಪೈ. ಅದೇ ಅಕ್ಟೋಬರಿನಲ್ಲಿ ಮದರಾಸಿನ ಹೆಸರಾಂತ ಆರ್ಬತ್‌ನಾಟ್ ಕಂಪನಿ ದಿವಾಳಿಯೆದ್ದು ಸಾವಿರಾರು ಜನರ ಠೇವಣಿ ಮುಳುಗಿತು. ಅಂಥ ವರ್ಷದಲ್ಲಿ ಉಡುಪಿಯ ಸಣ್ಣ ಬ್ಯಾಂಕು ಉಳಿದುಕೊಂಡಿತು. ಅದಕ್ಕೆ ಊರಿನ ಪರಿಚಯವೇ ಆಧಾರ ಎಂದು ನನ್ನ ಅಂದಾಜು: ಕಂಡು ಬಲ್ಲ ಮನುಷ್ಯನ ಕೈಗೆ ಜನ ಹಣ ಕೊಟ್ಟರು.

ಅಷ್ಟಮಠಗಳ ಊರಿನಲ್ಲಿ ಮುಸ್ಲಿಂ ವರ್ತಕನನ್ನು ನಂಬಿ ಠೇವಣಿಯಿಟ್ಟದ್ದು ಗಮನಿಸಬೇಕಾದ ಸಂಗತಿ. ಕೃಷ್ಣಮಠದ ಲಕ್ಷದೀಪೋತ್ಸವಕ್ಕೆ ಅವರು ಎಣ್ಣೆ ಒದಗಿಸಿದರೆಂದು ಉಡುಪಿಯಲ್ಲಿ ಹೇಳುವುದುಂಟು. ಅದನ್ನು ಜನರ ನೆನಪೆಂದೇ ಇಟ್ಟುಕೊಳ್ಳೋಣ.

ಖಾನ್ ಬಹದ್ದೂರ್ ಬಿರುದು ಪಡೆದ ಸಾಹೇಬರು 1926ರ ಚುನಾವಣೆಯ ನಂತರದ ಕೇಂದ್ರ ಶಾಸನಸಭೆಯಲ್ಲಿ ಪಶ್ಚಿಮ ಕರಾವಳಿ–ನೀಲಗಿರಿ ಕ್ಷೇತ್ರದ ಸದಸ್ಯರಾಗಿದ್ದರು. ಇಲ್ಲೊಂದು ತೊಡಕು ಕಾಣುತ್ತದೆ. ಅವರ ಬ್ಯಾಂಕು ಎಲ್ಲ ಜಾತಿಮತದವರದು. ಅವರ ಕ್ಷೇತ್ರ ಮುಸ್ಲಿಂ ಮತದಾರರಿಗಷ್ಟೇ ಮೀಸಲು. 1909ರಲ್ಲಿ ಬಂದ ಪ್ರತ್ಯೇಕ ಮತಕ್ಷೇತ್ರದ ಏರ್ಪಾಟಿನಿಂದಾಗಿ, ಅವರಲ್ಲಿ ಹಣವಿಟ್ಟ ಉಡುಪಿಯ ಹಿಂದೂ, ಕ್ರೈಸ್ತ ಗಿರಾಕಿ ಅವರಿಗೆ ಮತ ಹಾಕುವಂತಿರಲಿಲ್ಲ. ಮುಸ್ಲಿಂ ಜನಸಂಖ್ಯೆ ಹೆಚ್ಚಿದ್ದ ಮಲಬಾರು ಆ ಕ್ಷೇತ್ರಕ್ಕೇ ಸೇರಿತ್ತು. ಪೇಟೆಯಲ್ಲಿ ಗಳಿಸಿದ ವಿಶ್ವಾಸವನ್ನು ಮತವಾಗಿ ಎಣಿಸುವ ವ್ಯವಸ್ಥೆ ಅದಾಗಿರಲಿಲ್ಲ.

ಬ್ಯಾಂಕು ಸ್ಥಾಪಕರಿಗಿಂತ ಬಹುಕಾಲ ಬಾಳಿತು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂಬ ಹೆಸರು ಪಡೆದು, 1980ರಲ್ಲಿ ರಾಷ್ಟ್ರೀಕರಣವಾಗಿ, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಸಾಹೇಬರ ಉಡುಪಿಯ ಮನೆ ನಾಣ್ಯ ಸಂಗ್ರಹಾಲಯವಾಯಿತು. ಅಲ್ಲಿನ ತಾಯಿ–ಮಕ್ಕಳ ಆಸ್ಪತ್ರೆಯ ಹೆಸರಿನಲ್ಲೂ ಅವರಿದ್ದಾರೆ. ಹೀಗೆ ಬ್ಯಾಂಕರ್ ಮತ್ತು ದಾನಿಯ ಚಿತ್ರ ನಮಗೆ ಪರಿಚಿತ, ಶಾಸನಸಭೆಯ ಸದಸ್ಯನದು ಅಲ್ಲ. ಕೇಂದ್ರ ಶಾಸನಸಭೆಯ ಕಲಾಪಗಳು ಅಚ್ಚಿನಲ್ಲಿವೆ. ಯಾವ ಮಸೂದೆಗೆ ಅವರು ಯಾವ ಕಡೆ ನಿಂತರೆಂಬುದನ್ನು ಕನ್ನಡದ ಸಂಶೋಧಕರು ಅವುಗಳಿಂದ ತೆಗೆದು ಬರೆಯಬೇಕು.