ಕೈ ತೊಳೆಯಿರಿ ಎಂದ ವೈದ್ಯ

ಕೈ ತೊಳೆಯುವ ಸಾಮಾನ್ಯ ಅಭ್ಯಾಸವೂ ವೈದ್ಯಲೋಕದಲ್ಲಿ ಒಮ್ಮೆ ವಿವಾದವಾಗಿತ್ತು.

1840ರ ದಶಕದಲ್ಲಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯರ ವಿಭಾಗದಲ್ಲೇ ಬಾಣಂತಿ ಜ್ವರಕ್ಕೆ ಹೆಚ್ಚು ಮಂದಿ ಬಲಿಯಾಗುತ್ತಿದ್ದರು. ಹಂಗೇರಿಯ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್‌ನನ್ನು ಈ ಒಗಟು ಕಾಡಿತು. 1847ರಲ್ಲಿ, ಶವಪರೀಕ್ಷೆಯ ವೇಳೆ ಚಾಕು ತಾಗಿದ ಸಹೋದ್ಯೋಗಿಯೊಬ್ಬ ಅಂಥದೇ ಲಕ್ಷಣಗಳಿಂದ ಸತ್ತಾಗ ಉತ್ತರ ಹೊಳೆಯಿತು. ವೈದ್ಯರು ಶವ ಮುಟ್ಟಿದ ಕೈಯಲ್ಲೇ ಹೆರಿಗೆ ಮಾಡಿಸುತ್ತಿದ್ದರು!

ಆ ಮೇ ತಿಂಗಳಿನಿಂದ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈ ತೊಳೆಯುವುದು ಕಡ್ಡಾಯವಾಯಿತು. ಏಪ್ರಿಲ್‌ನಲ್ಲಿ ಶೇ. 18ರಷ್ಟಿದ್ದ ಸಾವು ಜೂನ್‌ನಲ್ಲಿ ಶೇ. 2ರ ಆಸುಪಾಸಿಗೆ ಇಳಿಯಿತು.

ಆದರೂ ತಮ್ಮ ಕೈಯಿಂದಲೇ ಸಾವು ಹರಡಿತೆಂದು ಒಪ್ಪಲು ಅನೇಕ ವೈದ್ಯರಿಗೆ ಅಭಿಮಾನ ಅಡ್ಡಬಂತು. 1865ರಲ್ಲಿ ಸೆಮ್ಮೆಲ್‌ವೈಸ್ ಮನೋರೋಗಿಗಳ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ರೋಗಾಣು ಸಿದ್ಧಾಂತ ನೆಲೆಗೊಂಡ ಮೇಲಷ್ಟೇ ಆತನ ಮಾತು ಆಸ್ಪತ್ರೆಗಳ ನಿಯಮವಾಯಿತು.