11ರಿಂದ ಶುರುವಾದ ಕಥೆ: ಕಾಣೆಯಾದ ಹತ್ತು ಕನ್ನಡ ಕಾಮಿಕ್ಸ್

1/9
ಮೊದಲನೇ ಫೋಟೋ ಜೂಮ್ ಮಾಡಿ ನೋಡಿ. ಅಮರ ಚಿತ್ರ ಕಥೆಯ ‘ಕೃಷ್ಣ’, ಇಂಗ್ಲಿಷ್ ಪ್ರತಿ. ಪಿನ್ ತುಕ್ಕು ಹಿಡಿದಿದೆ, ಯಾರೋ ಪುಟಾಣಿ ಬೆಣ್ಣೆ ಗಡಿಗೆಗೆ ಕ್ರೆಯಾನ್ ಬಳಿದಿದೆ. ಭಾನುವಾರ ಚನ್ನಪಟ್ಟಣದಿಂದ ಬೆಳಗಿನ ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಅವೆನ್ಯೂ ರಸ್ತೆ ಫುಟ್‌ಪಾತಿನಲ್ಲಿ ಮಂಡಿಯೂರಿ ಹುಡುಕಿದ್ದಕ್ಕೆ ಸಿಕ್ಕ ಬಹುಮಾನ ಇದು.

ಈಗ ಸಂಖ್ಯೆ ನೋಡಿ. 11.

ಇಂಗ್ಲಿಷ್ ಅಮರ ಚಿತ್ರ ಕಥೆ ಶುರುವಾಗೋದೇ ಈ ಕೃಷ್ಣನಿಂದ, ಇದಕ್ಕಿಂತ ಹಿಂದೆ ಒಂದೂ ಇಲ್ಲ. ಹಾಗಾದ್ರೆ 1ರಿಂದ 10 ಎಲ್ಲಿ ಹೋದ್ವು? ಶಾಲೆಯಲ್ಲಿ ಹಾಜರಿ ಕರೆಯೋವಾಗ ಮೇಷ್ಟ್ರು ರೋಲ್ ನಂಬರ್ 11ರಿಂದ ಶುರು ಮಾಡಿದ್ರೆ ಮೊದಲ ಹತ್ತು ಜನ ಎಲ್ಲಿ ಅಂತ ಕೇಳಲ್ವಾ? ಹಾಗೇ ಇದು. ಉತ್ತರ ನಮ್ಮ ಊರಿಂದ ಅರವತ್ತು ಕಿಲೋಮೀಟರ್ ದೂರದಲ್ಲೇ ಇತ್ತು. ಸ್ವೈಪ್ ಮಾಡ್ತಾ ಬನ್ನಿ.

2/9
ನಮಗೆಲ್ಲ ಗೊತ್ತಿರೋ ಕಥೆ ಇದು. 1967ರ ಫೆಬ್ರವರಿ. ದೇಶದಲ್ಲಿ ಟಿವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. ಅಲ್ಲಿ ಒಂದು ಪುಸ್ತಕದಂಗಡಿಯಲ್ಲಿ ಅನಂತ ಪೈ ನಿಂತು ದೂರದರ್ಶನದ ಕ್ವಿಜ್ ನೋಡ್ತಿದ್ರು. ಗ್ರೀಕ್ ಪುರಾಣದ ಪ್ರಶ್ನೆಗೆ ಮಕ್ಕಳು ಪಟಪಟ ಉತ್ತರ ಕೊಟ್ರು. ರಾಮನ ತಾಯಿ ಯಾರು ಅಂತ ಕೇಳಿದ್ರೆ ಸುಮ್ಮನಾದ್ರು. ಆ ಬೇಸರದಲ್ಲಿ ಹುಟ್ಟಿದ್ದೇ ಅಮರ ಚಿತ್ರ ಕಥೆ.

ಅನಂತ ಪೈ ಅಂದ್ರೆ ‘ಅಂಕಲ್ ಪೈ’. 1929ರಲ್ಲಿ ನಮ್ಮ ಕಾರ್ಕಳದಲ್ಲೇ ಹುಟ್ಟಿದವರು. ಚಿಕ್ಕಂದಿನಲ್ಲೇ ಅಪ್ಪ ಅಮ್ಮನ್ನ ಕಳ್ಕೊಂಡು ಮುಂಬೈ ಸೇರಿದ್ರು. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದಾಗ ಅಲ್ಲಿ ಕೆಲಸ ಮಾಡಿದವರು. ಆಮೇಲೆ ಇಂಡಿಯಾ ಬುಕ್ ಹೌಸ್, ಅಂದ್ರೆ ಐಬಿಎಚ್ ಜೊತೆ ಸೇರಿ ಅಮರ ಚಿತ್ರ ಕಥೆ ಕಟ್ಟಿದ್ರು. ನಾನೂರಕ್ಕೂ ಹೆಚ್ಚು ಪುಸ್ತಕ. 2011ರಲ್ಲಿ ತೀರಿಕೊಂಡ್ರು.

ಇದ್ರಲ್ಲಿ ಸುಳ್ಳೇನಿಲ್ಲ. ಆದ್ರೆ 1967ರ ಕ್ವಿಜ್ಜಿನಿಂದ ಶುರುವಾಗಿದ್ರೆ ಸಂಖ್ಯೆ 1ರಿಂದಲೇ ಶುರುವಾಗ್ಬೇಕಿತ್ತು ಅಲ್ವಾ?

3/9
ಈಗ ಕಡಿಮೆ ಜನಕ್ಕೆ ಗೊತ್ತಿರೋ ಕಥೆ.

1965, ಬೆಂಗಳೂರು. ಐಬಿಎಚ್‌ನ ಬೆಂಗಳೂರು ಶಾಖೆಯಲ್ಲಿ ಜಿ.ಕೆ. ಅನಂತರಾಮ್ ಅನ್ನೋರು ಪುಸ್ತಕ ಮಾರಾಟ ನೋಡ್ಕೊಳ್ತಿದ್ರು. ಅಂಗಡಿ ಅಂಗಡಿ ಸುತ್ತೋರಿಗೆ ಗೊತ್ತಾಗುತ್ತೆ ನೋಡಿ, ಇಂಗ್ಲಿಷ್ ಕಾಮಿಕ್ಸ್ ತಗೊಳ್ಳೋ ಮನೆ ಎಷ್ಟು, ಕನ್ನಡ ಮಾತ್ರ ಓದೋ ಮನೆ ಎಷ್ಟು ಅಂತ. ಕನ್ನಡದಲ್ಲೇ ಚಿತ್ರಕಥೆ ತರೋಣ ಅಂತ ಅವರು ಹೊರಟರು. ಸಿಂಡ್ರೆಲಾ, ಅಲ್ಲಾದ್ದೀನ್, ಪಿನೋಕಿಯೋ, ಸ್ನೋ ವೈಟ್, ಮೂರು ಹಂದಿಮರಿಗಳು, ಹೀಗೆ ಹೊರದೇಶದ ಕಥೆಗಳೇ, ಕನ್ನಡ ಮಾತಲ್ಲಿ. ಒಟ್ಟು ಹತ್ತು. ಸರಣಿಯ ಹೆಸರು ‘ಅಮರ ಚಿತ್ರ ಕಥೆ’.

ಹೌದು ಕಣ್ರಪ್ಪಾ, ಮೊದಲ ಹತ್ತು ಅಮರ ಚಿತ್ರ ಕಥೆ ಕನ್ನಡದ್ದು.

ಅವು ಚೆನ್ನಾಗಿ ಮಾರಾಟ ಆದ್ವು. ಮುಂಬೈನಲ್ಲಿದ್ದ ಮಾಲೀಕರು ಮಿರ್ಚಂದಾನಿ ಅದನ್ನ ನೋಡಿ ಇಂಗ್ಲಿಷಿನಲ್ಲೂ ಮಾಡೋಣ ಅಂದ್ರು. ಅನಂತ ಪೈ ಕೈಗೆ ಸರಣಿ ಹೋಯ್ತು. ರಾಮ್ ವಾಯೀರ್ಕರ್ ಚಿತ್ರ ಬರೆದ ‘ಕೃಷ್ಣ’ ಬಂತು. ಹತ್ತು ಸಂಖ್ಯೆ ಆಗಲೇ ಕನ್ನಡಕ್ಕೆ ಹೋಗಿದ್ರಿಂದ ಕೃಷ್ಣನಿಗೆ 11 ಸಿಕ್ತು. ದೇವಕಿಯ ಎಂಟನೇ ಮಗ ಇಲ್ಲಿ ಹನ್ನೊಂದನೆಯವನಾದ!

4/9
“ಹಾಗಾದ್ರೆ ಯಾವುದು ನಿಜ? ದೆಹಲೀದೋ, ಬೆಂಗಳೂರಿಂದೋ?” ಅಂತ ಹಿಂದಿನ ಸ್ಟೋರಿಗೆ ತುಂಬಾ ಜನ ಕೇಳಿದ್ರಿ. ಕ್ಲಾಸಲ್ಲೂ ಇದೇ ಜಗಳ ಆಯ್ತು. ನನ್ನ ಉತ್ತರ: ಎರಡೂ.

ಸ್ವಲ್ಪ ಯೋಚ್ನೆ ಮಾಡಿ. ದೆಹಲಿ ಕಥೆ ಒಂದು ವಿಷಯಕ್ಕೆ ಉತ್ತರ ಕೊಡುತ್ತೆ: ಸಿಂಡ್ರೆಲಾ ಬಿಟ್ಟು ಕೃಷ್ಣನಿಗೆ ಯಾಕೆ ಬಂದ್ರು? ಪುರಾಣ, ಇತಿಹಾಸ ನಮ್ಮ ಮಕ್ಕಳಿಗೆ ತಲುಪಬೇಕು ಅನ್ನೋ ಪೈ ಅವರ ಹಟದಿಂದ. ಬೆಂಗಳೂರು ಕಥೆ ಇನ್ನೊಂದಕ್ಕೆ ಉತ್ತರ ಕೊಡುತ್ತೆ: 11 ಯಾಕೆ? ಹೆಸರು ಎಲ್ಲಿಂದ ಬಂತು? ಒಂದು ಕಥೆ ಇಟ್ಕೊಂಡು ಇನ್ನೊಂದನ್ನ ಬಿಸಾಕಿದ್ರೆ ಯಾವುದೋ ಒಂದು ಪ್ರಶ್ನೆ ಹಾಗೇ ಉಳಿಯುತ್ತೆ.

ಅಮೆರಿಕದ ಸಂಶೋಧಕಿ ಕಾರ್ಲೀನ್ ಮೆಕ್‌ಲೈನ್ 2009ರಲ್ಲಿ ಅಮರ ಚಿತ್ರ ಕಥೆ ಬಗ್ಗೆ ಒಂದು ಇಡೀ ಪುಸ್ತಕ ಬರೆದ್ರು. ಪರದೇಶದವರು ಇಷ್ಟು ಮಾಡಿರೋವಾಗ, ಆ ಹತ್ತು ಪುಸ್ತಕ ಓದಿದ ಮನೆಗಳ ಪಕ್ಕದಲ್ಲೇ ಇರೋ ನಾವು ಅಟ್ಟ ಹತ್ತಿ ನೋಡದಿದ್ರೆ ಹೆಂಗೆ?

ನಮ್ಮ ಇತಿಹಾಸ ಮೇಡಂ ಹೇಳ್ತಿರ್ತಾರೆ, ಜನ ಮರೀತಾರೆ, ಜನ ಸೇರಿಸಿಯೂ ಹೇಳ್ತಾರೆ. ವಸ್ತು ಸುಮ್ಮನೆ ಕೂತಿರುತ್ತೆ ಅಂತ. ಇಲ್ಲಿ ಸುಮ್ಮನೆ ಕೂತಿರೋ ಸಾಕ್ಷಿ ಅಂದ್ರೆ ಆ 11.

5/9
ಐದನೇ ಫೋಟೋದಲ್ಲಿರೋದು ಮಾಗಡಿ ಹತ್ರದ ನಮ್ಮ ದೊಡ್ಡಪ್ಪನ ಮನೆ ಅಟ್ಟ. ಖಾಲಿ.

ದೊಡ್ಡಪ್ಪನಿಗೆ ಈಗ ಅರವತ್ತೆಂಟು. ಈ ಹತ್ತರ ವಿಷಯ ಹೇಳ್ದಾಗ ಹುಬ್ಬು ಗಂಟು ಹಾಕಿ, “ಗಾಜಿನ ಚಪ್ಪಲಿ ಹುಡುಗೀದಾ? ಸ್ಕೂಲ್ ಡೇಲಿ ನಂಗೆ ಬಹುಮಾನ ಕೊಟ್ಟಿದ್ರು ಕಣ್ಲಾ. ಬಣ್ಣದ ಚಿತ್ರ ಇತ್ತು, ಕನ್ನಡದಾಗೆ ಇತ್ತು” ಅಂದ್ರು. ನನ್ನ ಎದೆ ಡವಡವ. “ಎಲ್ಲಿದೆ ದೊಡ್ಡಪ್ಪ?” ಅಂದೆ. “ಟ್ರಂಕಲ್ಲಿ ಇತ್ತು. ಹಳೇ ಮನೆ ಕೆಡವಿದಾಗ ಎಲ್ಲ ಗುಜರಿಗೆ ಹಾಕ್ದೋ. ಮೂರು ವರ್ಷ ಆಯ್ತು.”

ಮೂರೇ ವರ್ಷ. ಐವತ್ತು ಚಿಲ್ಲರೆ ವರ್ಷ ಆ ಟ್ರಂಕಲ್ಲಿ ಉಳ್ಕೊಂಡಿದ್ದು, ನಾನು ಡಿಗ್ರಿಗೆ ಸೇರೋ ಹೊತ್ತಿಗೆ ಕೆ.ಜಿ. ಲೆಕ್ಕದಲ್ಲಿ ಹೋಗಿತ್ತು.

ಅದು ಆ ಹತ್ತರಲ್ಲಿ ಒಂದಾ? ಹೌದು ಅಂತ ಬರೆದ್ರೆ ನಿಮಗೆ ಖುಷಿ ಆಗುತ್ತೆ, ನಂಗೂ ಆಗುತ್ತೆ. ಆದ್ರೆ ‘ಅಮರ ಚಿತ್ರ ಕಥೆ’ ಅಂತ ಮೇಲೆ ಇತ್ತಾ ಅಂದಾಗ ದೊಡ್ಡಪ್ಪ ತುಂಬಾ ಹೊತ್ತು ಯೋಚ್ನೆ ಮಾಡಿ, “ಚಿತ್ರ ನೆನಪೈತೆ ಮಗಾ, ಹೆಸರು ನೆನಪಿಲ್ಲ” ಅಂದ್ರು. ಆ ಮಾತನ್ನ ಹಾಗೇ ಬರೆದಿಟ್ಕೊಂಡಿದ್ದೀನಿ. ಅದಕ್ಕಿಂತ ಹೆಚ್ಚು ಹೇಳೋಕೆ ನನ್ನ ಹತ್ರ ಪುಸ್ತಕ ಇಲ್ಲ.

6/9
ಅಮರ ಚಿತ್ರ ಕಥೆ ಒಂದೇ ಅಲ್ಲ. ಕನ್ನಡದ ಮಕ್ಕಳು ಚಿತ್ರ ನೋಡ್ತಾ ಓದಿದ ಸಾಲು ದೊಡ್ಡದು. ಮದರಾಸಿನಲ್ಲಿ ನಾಗಿ ರೆಡ್ಡಿ, ಚಕ್ರಪಾಣಿ 1947ರಲ್ಲಿ ತೆಲುಗು, ತಮಿಳಲ್ಲಿ ಶುರು ಮಾಡಿದ ಚಂದಮಾಮ ಮರುವರ್ಷ ಕನ್ನಡಕ್ಕೂ ಬಂತು. 1965ರಲ್ಲೇ ಶುರುವಾದ ಸುಧಾ ವಾರಪತ್ರಿಕೆಯಲ್ಲಿ ಫ್ಯಾಂಟಮ್ ಬರ್ತಿತ್ತು. ಇಂದ್ರಜಾಲ ಕಾಮಿಕ್ಸ್ ಕೆಲವು ಕಾಲ ಕನ್ನಡದಲ್ಲೂ ಬಂತು. ಬಾಲಮಂಗಳದ ಡಿಂಗನ್ನ ನಿಮ್ಮ ಅಕ್ಕ, ಅಣ್ಣನ್ನ ಕೇಳಿ, ಮುಖ ಅರಳುತ್ತೆ.

ಸುಧಾ ಫ್ಯಾಂಟಮ್ ಹಾಳೆಗಳನ್ನ ವಾರವಾರ ಕತ್ತರಿಸಿ, ಕಥೆ ಮುಗಿದಾಗ ದಬ್ಬಣದಲ್ಲಿ ಹೊಲಿದು ಬೈಂಡ್ ಮಾಡ್ಕೊಳ್ತಿದ್ದ ಜನ ಎಷ್ಟೋ. ಕನಕಪುರ ಕಡೆ ನಮ್ಮ ಅಜ್ಜಿ ಮನೇಲಿ ಮಾವ ಇಟ್ಟಿದ್ದ ಒಂದು ಕಟ್ಟು ಕೇಳೋಕೆ ಹೋಗಿದ್ದೆ. ಅಜ್ಜಿ ಸಲೀಸಾಗಿ, “ಅಯ್ಯೋ, ಚಾಕಿ ಹುಳದ ತಟ್ಟೆಗೆ ಹಾಸ್ಬುಟ್ಟೆ ಕಣ್ಮಗಾ” ಅಂದ್ರು. ರಾಮನಗರ ಮಾರ್ಕೆಟ್ಟಿಗೆ ಹೋದ ಅದೆಷ್ಟು ಗೂಡಿನ ಕೆಳಗೆ ಫ್ಯಾಂಟಮ್ ಮಲಗಿದ್ನೋ! ಬೈಯೋಕೂ ಆಗಲ್ಲ. ಆ ಗೂಡು ಮಾರಿದ ದುಡ್ಡಲ್ಲೇ ನಮ್ಮಮ್ಮ ಓದಿದ್ದು.

7/9
ಕಾಣೆಯಾದ ಸಂಚಿಕೆ ಹುಡುಕೋರಿಗೆ ಒಂದು ಎಚ್ಚರಿಕೆ. ಸಿಗದೇ ಇರೋದೆಲ್ಲ ಕಾಣೆಯಾದದ್ದಲ್ಲ.

ಇಂಗ್ಲಿಷ್ ಇಂದ್ರಜಾಲ 1964ರಿಂದ 1990ರವರೆಗೆ ಬಂತು, 800ಕ್ಕೂ ಹೆಚ್ಚು ಸಂಚಿಕೆ. 122 ಸಿಗುತ್ತೆ, 125 ಸಿಗುತ್ತೆ. 123, 124 ಎಷ್ಟು ಹುಡುಕಿದ್ರೂ ಸಿಗಲ್ಲ. ಯಾಕಂದ್ರೆ ಅವು ಅಚ್ಚೇ ಆಗ್ಲಿಲ್ಲ, ಆಗ ಪತ್ರಿಕೆಯಲ್ಲಿ ಮುಷ್ಕರ. ಇದು ಗೊತ್ತಿಲ್ದೆ ಹುಡುಕಿದೋರ ಪಾಡು ಯೋಚ್ನೆ ಮಾಡಿ.

ಅಮರ ಚಿತ್ರ ಕಥೆಯ 1ರಿಂದ 10 ಇದಕ್ಕೆ ತದ್ವಿರುದ್ಧ. ಇಂಗ್ಲಿಷ್ ಸಾಲಲ್ಲಿ ಹುಡುಕೋರು ‘ಇಲ್ಲವೇ ಇಲ್ಲ’ ಅಂತ ಕೈಬಿಟ್ರು. ಅವು ಇದ್ವು. ಬೇರೆ ಭಾಷೇಲಿ ಇದ್ವು.

ಇನ್ನೊಂದು ಗೊಂದಲ: ಆಮೇಲಿನ ಮರುಮುದ್ರಣಗಳಿಗೆ 501ರಿಂದ ಹೊಸ ಸಂಖ್ಯೆ ಕೊಟ್ರು. ಅದೇ ಕೃಷ್ಣ 11ನೂ ಹೌದು, 501ನೂ ಹೌದು. 501 ತೋರಿಸಿ “ಮೊದಲ ಮುದ್ರಣ” ಅಂತ ಯಾರಾದ್ರೂ ಮಾರೋಕೆ ಬಂದ್ರೆ ನಮಸ್ಕಾರ ಹೇಳಿ ಮುಂದೆ ಹೋಗಿ.

8/9
ಇಸವಿ ಇಲ್ಲದ ಹರಕಲು ಪುಸ್ತಕ ಸಿಕ್ಕಿದ್ರೆ ಕಾಲ ಪತ್ತೆ ಮಾಡೋದು ಹೆಂಗೆ? ನಾನು ಮಾಡೋದು ಇಷ್ಟು:

• ವಿಳಾಸ ನೋಡಿ. ಆರಂಕಿಯ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ‘560’ ಅಂತ ಶುರುವಾಗೋ ಸಂಖ್ಯೆ ಇದ್ರೆ ಅದು ಆಮೇಲಿನ ಮುದ್ರಣ. ಬರೀ ‘ಬೆಂಗಳೂರು-9’ ಥರ ಇದ್ರೆ ಹಳೇದಿರಬಹುದು. ಆದ್ರೆ ಹಳೇ ಅಭ್ಯಾಸದಲ್ಲಿ ಆಮೇಲೂ ಹಾಗೇ ಹಾಕ್ತಿದ್ರು, ಇದೊಂದನ್ನೇ ನಂಬ್ಬೇಡಿ.

• ಸೀಲು ನೋಡಿ. ಶಾಲೆಯ, ಲೈಬ್ರರಿಯ ರಬ್ಬರ್ ಸ್ಟಾಂಪ್ ಚಿನ್ನ. ‘ಮೈಸೂರು ರಾಜ್ಯ’ ಅಂತಿದ್ರೆ 1973ರ ನವೆಂಬರ್ 1ಕ್ಕಿಂತ ಮುಂಚೆ ಮಾಡಿಸಿದ ಸೀಲು. ನಮ್ಮ ನಾಲ್ಕು ತಾಲ್ಲೂಕಿಗೆ ‘ಬೆಂಗಳೂರು ಗ್ರಾಮಾಂತರ ಜಿಲ್ಲೆ’ ಅಂತಿದ್ರೆ 1986ರಿಂದ 2007ರ ಮಧ್ಯೆ. ‘ರಾಮನಗರ ಜಿಲ್ಲೆ’ ಅಂದ್ರೆ 2007ರ ನಂತರ. ಸೀಲು ಪುಸ್ತಕದ ಹುಟ್ಟಿದ ದಿನ ಹೇಳಲ್ಲ, ಅದು ಯಾರ ಕೈಲಿ ಯಾವಾಗ ಇತ್ತು ಅಂತ ಹೇಳುತ್ತೆ.

• ರಟ್ಟಿನ ಒಳಗಿನ ಪಟ್ಟಿ ನೋಡಿ. ಆಗ ಸಿಗ್ತಿದ್ದ ಪುಸ್ತಕಗಳ ಹೆಸರು ಅಲ್ಲಿರುತ್ತೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಹೊಸ ಪುಸ್ತಕ ಯಾವುದೋ, ನಿಮ್ಮ ಪ್ರತಿ ಅದಕ್ಕಿಂತ ಹಳೇದಾಗಿರೋಕೆ ಸಾಧ್ಯವೇ ಇಲ್ಲ.

• ಬೈಂಡ್ ಆಗಿರೋದನ್ನ ತಳ್ಳಿಬಿಡಬೇಡಿ. ಬಾಡಿಗೆಗೆ ಕೊಡೋ ಲೈಬ್ರರಿಯವರು ನಾಲ್ಕೈದು ಸೇರಿಸಿ ಅಂಚು ಕತ್ತರಿಸಿ ಹೊಲೀತಿದ್ರು. ಬೆಲೆ ಕಡಿಮೆ ಇರುತ್ತೆ, ಆದ್ರೆ ಅದೇ ಹೊಲಿಗೆಯಿಂದ ಎಷ್ಟೋ ಪುಸ್ತಕ ಉಳಿದಿವೆ.

ಸಿಕ್ಕಿದ ಮೇಲೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಟೇಪಿನ ಅಂಟು ಹಳದಿಯಾಗಿ ಕಾಗದ ತಿನ್ನುತ್ತೆ. ತುಕ್ಕು ಪಿನ್ ನಿಧಾನಕ್ಕೆ ತೆಗೆದು ಹತ್ತಿ ದಾರದಲ್ಲಿ ಕಟ್ಟಿ. ತೇವ ಇಲ್ಲದ ಕಡೆ, ಗೋಡೆಗೆ ತಾಗದ ಹಾಗೆ ಇಡಿ.

9/9
ಕೊನೇ ಫೋಟೋದಲ್ಲಿ ಏನೂ ಇಲ್ಲ, ನನ್ನ ನೋಟ್‌ಬುಕ್ಕಿನ ಒಂದು ಪುಟ. 1ರಿಂದ 10 ಬರೆದಿದ್ದೀನಿ, ಎದುರಿಗೆ ಹತ್ತು ಖಾಲಿ ಚೌಕ. ಇವತ್ತಿಗೂ ಒಂದೂ ಟಿಕ್ ಬಿದ್ದಿಲ್ಲ.

ಈ ಪುಸ್ತಕಗಳು ಮಕ್ಕಳ ಕೈಗೆ ಅಂತ ಮಾಡಿದ್ದು. ಹರೀತಾರೆ, ಬಣ್ಣ ಬಳೀತಾರೆ, ತಮ್ಮನಿಗೆ ಕೊಡ್ತಾರೆ. ಕಾದಂಬರಿ, ಕಾವ್ಯ ಆಗಿದ್ರೆ ಯಾರಾದ್ರೂ ಕಪಾಟಿನಲ್ಲಿ ಇಡ್ತಿದ್ರು. ಕಾಮಿಕ್ಸ್ ಅಂದ್ರೆ “ಓದೋ ಪುಸ್ತಕ ಅಲ್ಲ” ಅಂತಾನೇ ಎಲ್ರೂ ನೋಡಿದ್ದು. ಅದಕ್ಕೇ ದೇಶದ ಅತಿ ಹೆಸರಾದ ಚಿತ್ರಕಥೆ ಸರಣಿಯ ಮೊದಲ ಹತ್ತು ಪುಸ್ತಕ ನಮ್ಮ ಭಾಷೆಯವು ಅನ್ನೋದು ನಮಗೇ ಗೊತ್ತಿಲ್ಲ.

ಒಂದು ಕೆಲಸ ಮಾಡ್ತೀರಾ? ಆಯುಧಪೂಜೆಗೋ ಯುಗಾದಿಗೋ ಮನೆ ಕ್ಲೀನ್ ಮಾಡೋವಾಗ ಗುಜರಿಯವರ ತಕ್ಕಡಿಗೆ ಹಾಕೋ ಮುಂಚೆ ಹಳೇ ಕಟ್ಟು ಒಂದ್ಸಲ ಬಿಚ್ಚಿ ನೋಡಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಎಲ್ಲಿದ್ರೂ ಸರಿ. ಕನ್ನಡ ಸಿಂಡ್ರೆಲಾ, ಪಿನೋಕಿಯೋ, ಅಲ್ಲಾದ್ದೀನ್ ಕಂಡ್ರೆ ಮುಖಪುಟದ್ದು ಒಂದು, ಪ್ರಕಾಶಕರ ಹೆಸರಿರೋ ಪುಟದ್ದು ಒಂದು ಫೋಟೋ ಕಳಿಸಿ. ಪುಸ್ತಕ ನಂಗೆ ಕೊಡಿ ಅಂತಿಲ್ಲ, ನಿಮ್ಮ ಮನೇಲೇ ಇರ್ಲಿ. ಇದೆ ಅಂತ ಗೊತ್ತಾದ್ರೆ ಸಾಕು. ಜೊತೆಗೆ ಅದನ್ನ ಓದಿದೋರನ್ನ ಎರಡು ಪ್ರಶ್ನೆ ಕೇಳಿ: ಯಾರು ತಂದುಕೊಟ್ರು, ಎಲ್ಲಿ ತಗೊಂಡ್ರು? ಅದನ್ನೂ ಬರೆದಿಡಿ.

ಯಾವುದಾದ್ರೂ ಒಂದು ಸಿಕ್ಕಿದ ದಿನ ಮೊದಲು ಮಾಗಡಿಗೆ ಬಸ್ ಹತ್ತೋದು. ಆ ಮುಖಪುಟ ದೊಡ್ಡಪ್ಪನಿಗೆ ತೋರಿಸಿ ಕೇಳ್ಬೇಕು, “ಇದೇನಾ?” ಅಂತ.

#ಅಮರಚಿತ್ರಕಥೆ #ಹಳೇಕಾಮಿಕ್ಸ್ #ಕಾಣೆಯಾದಹತ್ತು #ನಮ್ಮಚನ್ನಪಟ್ಟಣ #ರಾಮನಗರ #ಕನಕಪುರ #ಮಾಗಡಿ